ಪುಚೊಂಗ್‌ನಲ್ಲಿ ಸಿಕ್ಕ ಮಹಾರಾಣಿ ಕಾಲೇಜು

ಮಲೇಷಿಯಾ ನೋಡಲು ಬರುವವರ ಪಟ್ಟಿಯಲ್ಲಿ ಅವಳಿ ಗೋಪುರ ಇರುತ್ತದೆ, ಬಾಟು ಗುಹೆಯ ಮುರುಗ ಇರುತ್ತಾನೆ, ಗೆಂಟಿಂಗ್ ಬೆಟ್ಟ ಇರುತ್ತದೆ, ಕೈಯಲ್ಲಿ ಇನ್ನೂ ನಾಲ್ಕು ದಿನ ಉಳಿದಿದ್ದರೆ ಲಂಕಾವಿ ಇರುತ್ತದೆ. ಪುಚೊಂಗ್ ಇರುವುದಿಲ್ಲ. ಇಲ್ಲಿಗೆ ಯಾರೂ ಪ್ರವಾಸಕ್ಕೆ ಬರುವುದಿಲ್ಲ, ಬಂದರೆ ಮಗನ ಮನೆಗೋ ಮಗಳ ಮನೆಗೋ ಬರುತ್ತಾರೆ. ಹಾಗೆ ಬಂದವರಿಂದಲೇ ನಾನು ಒಂದು ಊರನ್ನೂ ಒಂದು ಕಾಲೇಜನ್ನೂ ನೋಡಿದೆ. ಈ ಸಲದ ಸಂಚಿಕೆಗೆ ಆ ಪ್ರವಾಸದ ಕಥೆಯನ್ನೇ ಬರೆಯುತ್ತಿದ್ದೇನೆ.

ಮೊದಲು ಊರಿನ ಪರಿಚಯ ಮಾಡಿಕೊಡುತ್ತೇನೆ. ಪುಚೊಂಗ್ ಇರುವುದು ಸೆಲಾಂಗೋರ್ ರಾಜ್ಯದ ಪೆಟಾಲಿಂಗ್ ಜಿಲ್ಲೆಯಲ್ಲಿ, ಕೌಲಾಲಂಪುರದ ದಕ್ಷಿಣಕ್ಕೆ. ಕೊಕ್ಕರೆ ಜಾತಿಯ ಒಂದು ಹಕ್ಕಿಯಿಂದ ಈ ಹೆಸರು ಬಂತೆಂದು ಇಲ್ಲಿಯವರು ಹೇಳುತ್ತಾರೆ. ಈಗ ಆ ಹೆಸರು ಕೇಳಿದರೆ ನೆನಪಾಗುವುದು ಮಾಲ್, ಟೋಲ್ ಮತ್ತು ಸಂಜೆಯ ಟ್ರಾಫಿಕ್ ಜಾಮ್. ಹಿಂದೆ ಇದು ರಬ್ಬರ್ ತೋಟಗಳ ಮತ್ತು ತವರದ ಗಣಿಗಳ ಸೀಮೆಯಾಗಿತ್ತು. ಅದಿರು ಬಗೆದ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು, ಕೆರೆಗಳ ಸುತ್ತ ಬಡಾವಣೆಗಳೆದ್ದವು. ಡಾಮನ್ಸಾರಾ–ಪುಚೊಂಗ್ ಹೆದ್ದಾರಿ 1999ರಲ್ಲಿ ತೆರೆಯಿತು. ಎಲ್.ಆರ್.ಟಿ. ರೈಲು 2016ರಲ್ಲಿ ಇಲ್ಲಿಯವರೆಗೂ ಬಂತು. ಪಕ್ಕದಲ್ಲೇ ಸೈಬರ್‌ಜಾಯ ಇರುವುದರಿಂದ ನಮ್ಮ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಇಲ್ಲಿ ಮನೆ ಹಿಡಿದರು. ತಮಿಳರ ದಿನಸಿ ಅಂಗಡಿಗಳಲ್ಲಿ ಕರಿಬೇವು, ನುಗ್ಗೆಕಾಯಿ, ತೊಗರಿಬೇಳೆ ಎಲ್ಲ ಸಿಗುವುದರಿಂದ ಬಂದವರು ಇಲ್ಲಿಯೇ ಉಳಿದರು.

ಬೆಳಗಿನ ಏಳೂವರೆಗೆ ನಮ್ಮ ಬಡಾವಣೆಯ ಉದ್ಯಾನಕ್ಕೆ ಬಂದು ನೋಡಿ. ತೈ-ಚಿ ಮಾಡುವ ಚೀನೀ ಅಜ್ಜ ಅಜ್ಜಿಯರ ಪಕ್ಕದಲ್ಲಿ ಸೀರೆ ಉಟ್ಟು, ಸೊಸೆ ಕೊಡಿಸಿದ ಬಿಳಿಯ ಸ್ಪೋರ್ಟ್ಸ್ ಶೂ ಹಾಕಿಕೊಂಡು ಸುತ್ತು ಹೊಡೆಯುವ ನಮ್ಮ ಅಮ್ಮಂದಿರು ಸಿಗುತ್ತಾರೆ. ಭಾರತೀಯರಿಗೆ 2023ರ ಡಿಸೆಂಬರ್‌ನಿಂದ ವೀಸಾ ಇಲ್ಲದೆ 30 ದಿನ ಇರಲು ಅವಕಾಶವಾದ ಮೇಲೆ ಅವರ ಸಂಖ್ಯೆ ಹೆಚ್ಚಿದಂತೆ ನನಗೆ ಕಾಣುತ್ತದೆ. ಮೂರು ಸುತ್ತು ಮುಗಿಯುವಷ್ಟರಲ್ಲಿ ಯಾವ ಊರು, ಯಾರ ಪೈಕಿ, ಮೊಮ್ಮಕ್ಕಳೆಷ್ಟು ಎಂಬುದೆಲ್ಲ ವಿನಿಮಯವಾಗಿರುತ್ತದೆ. ನಾಲ್ಕನೆಯ ಸುತ್ತಿನಲ್ಲಿ ಬರುವ ಪ್ರಶ್ನೆ, "ನೀವು ಓದಿದ್ದು ಎಲ್ಲಿ?"

ಆ ಪ್ರಶ್ನೆಗೆ ಒಂದೇ ಬೆಂಚಿನ ಮೇಲೆ ಕೂತಿದ್ದ ಮೂವರು "ಮಹಾರಾಣೀಸ್" ಎಂದರು. ಮೈಸೂರಿನ ಮಹಾರಾಣಿ ಕಾಲೇಜು. ಒಬ್ಬರು 1960ರ ದಶಕದ ಮೊದಲ ಭಾಗದವರು, ಒಬ್ಬರು ಅದೇ ದಶಕದ ಕೊನೆಯವರು, ಮೂರನೆಯವರು 1970ರ ದಶಕದವರು. ಅಲ್ಲಿದ್ದಾಗ ಒಬ್ಬರನ್ನೊಬ್ಬರು ನೋಡಿದವರಲ್ಲ, ಗುರುತಾದದ್ದು ಪುಚೊಂಗ್‌ನ ಬೆಂಚಿನ ಮೇಲೆ. ಅಂದಿನಿಂದ ನಾನು ಅವರ ಮಾತುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸತೊಡಗಿದೆ. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡವೆಂದರು, ಹಾಗಾಗಿ ಹೆಸರು ಹಾಕಿಲ್ಲ.

ಬಂಡಿಯಲ್ಲಿ ಬಂದ ಹುಡುಗಿಯರು

ಮಹಾರಾಣಿ ಕಾಲೇಜಿನ ಹಿನ್ನೆಲೆ ನಮ್ಮ ಮಕ್ಕಳಿಗೆ ತಿಳಿಯದಿರಬಹುದು, ಅದಕ್ಕೇ ಸ್ವಲ್ಪದರಲ್ಲಿ ಹೇಳುತ್ತೇನೆ. ಆಂಗ್ಲರು ಮೈಸೂರಿನ ಆಡಳಿತವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದ್ದು 1881ರಲ್ಲಿ. ಅದೇ ವರ್ಷ ಅರಮನೆಯ ಬಕ್ಷಿಯಾಗಿದ್ದ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ, ಅರಮನೆಯ ಆಶ್ರಯದಲ್ಲಿ ಹುಡುಗಿಯರ ಶಾಲೆಯೊಂದು ಆರಂಭವಾಯಿತು. ಋತುಮತಿಯಾಗುವ ಮುಂಚೆ ಮದುವೆಯಾಗಿಬಿಡಬೇಕು ಎನ್ನುವ ಕಾಲ ಅದು. ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಗೆ ಮದುವೆ ಮಾಡಕೂಡದು ಎಂದು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನನ್ನೇ ತರಬೇಕಾಯಿತು ಎಂದರೆ ಅಂದಿನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಅಂಥ ಹೊತ್ತಿನಲ್ಲಿ ಮನೆಮನೆಗೆ ಬಂಡಿ ಕಳಿಸಿ, ಪರದೆ ಇಳಿಬಿಟ್ಟು, ಹುಡುಗಿಯರನ್ನು ಶಾಲೆಗೆ ಕರೆತರುತ್ತಿದ್ದರು. ಮೊದಮೊದಲು ಬಾಗಿಲು ತೆರೆದಿದ್ದು ಮೇಲುಜಾತಿಯ ಮನೆಗಳ ಹುಡುಗಿಯರಿಗೆ. ಎಲ್ಲರಿಗೂ ತೆರೆಯಲು ಕಾಲ ಹಿಡಿಯಿತು ಎಂಬುದನ್ನೂ ಮರೆಯಬಾರದು.

ಕವಿ ರವೀಂದ್ರನಾಥ ಠಾಕೂರರ ಸೋದರಿಯ ಮಗಳು ಸರಳಾದೇವಿ 1890ರ ದಶಕದಲ್ಲಿ ದೂರದ ಕಲ್ಕತ್ತೆಯಿಂದ ಇಲ್ಲಿಗೆ ಬಂದು ಕೆಲಕಾಲ ಪಾಠ ಹೇಳಿದರು. ಮದುವೆಯಾಗದ ಹೆಣ್ಣುಮಗಳೊಬ್ಬಳು ಸಂಬಳದ ಕೆಲಸಕ್ಕಾಗಿ ಅಷ್ಟು ದೂರ ಬರುವುದು ಅವರ ಮನೆತನಕ್ಕೇ ಹೊಸದು. 20ನೆಯ ಶತಮಾನದ ಆರಂಭದಲ್ಲಿ ಶಾಲೆ ಕಾಲೇಜಾಗಿ ಬೆಳೆಯಿತು. ಆ ಶತಮಾನದ ಮೊದಲ ದಶಕದಲ್ಲಿಯೇ ಶ್ರೀರಂಗಮ್ಮ, ರುಕ್ಮಿಣಿಯಮ್ಮ ಮುಂತಾದವರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಾದರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅಂದರೆ ನಮ್ಮ ಹೆಣ್ಣುಮಕ್ಕಳು ಪದವಿ ಪಡೆಯುವ ಹೊತ್ತಿಗೆ ನಮ್ಮದೇ ವಿಶ್ವವಿದ್ಯಾನಿಲಯ ಇನ್ನೂ ಇರಲಿಲ್ಲ!

ಪುಸ್ತಕಗಳಲ್ಲಿ ಸಿಗುವ ಚರಿತ್ರೆ ಇಷ್ಟು. ಯಾರು ಕಟ್ಟಿಸಿದರು, ಯಾರು ಮೊದಲಿಗರು ಎಂಬುದೆಲ್ಲ ಅಲ್ಲಿದೆ. ನಾಲ್ಕನೆಯವರು, ನಾಲ್ಕು ಸಾವಿರದನೆಯವರು ಏನಾದರು ಎಂಬುದು ಬೆಂಚಿನ ಮೇಲೆ ಕೂತವರ ಬಾಯಲ್ಲಿದೆ.

ಚಾಮರಾಜಪುರಂ ಸ್ಟೇಷನ್ನಿನಿಂದ

ಹಿರಿಯರು ನಂಜನಗೂಡಿನ ಕಡೆಯವರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬಂದು ಚಾಮರಾಜಪುರಂ ಸ್ಟೇಷನ್ನಿನಲ್ಲಿ ಇಳಿದು ಕಾಲೇಜಿಗೆ ನಡೆಯುತ್ತಿದ್ದರು. ಜೊತೆಗೆ ಮತ್ತಿಬ್ಬರು ಹುಡುಗಿಯರು. ಮೂವರೂ ಒಟ್ಟಿಗೆ ಬರಬೇಕು, ಒಟ್ಟಿಗೆ ಹೋಗಬೇಕು ಎಂಬುದು ಮೂರು ಮನೆಯ ಹಿರಿಯರು ಸೇರಿ ಮಾಡಿದ್ದ ಕರಾರು. ಒಬ್ಬಳಿಗೆ ಜ್ವರ ಬಂದರೆ ಮೂವರಿಗೂ ರಜ. "ನಮ್ಮ ಮೂವರ ಹಾಜರಿ ಒಂದೇ ನೋಡಿ," ಎಂದು ನಗುತ್ತಾರೆ. ಹಾಗಾಗಿ ಜ್ವರವನ್ನು ಮುಚ್ಚಿಟ್ಟುಕೊಂಡು ಕಾಲೇಜಿಗೆ ಬಂದ ದಿನಗಳೂ ಉಂಟಂತೆ.

ಡಬ್ಬಿಯಲ್ಲಿ ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ. ಸಂಜೆಯ ರೈಲು ತಡವಾದರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕಾದಂಬರಿ. ಲೈಬ್ರರಿಯ ಒಂದೇ ಪುಸ್ತಕವನ್ನು ಮೂವರೂ ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದರು. ರೈಲಿನ ಗಾರ್ಡ್ ಒಬ್ಬರು ದಿನಾ ಇವರನ್ನು ನೋಡಿ ನೋಡಿ, "ಹತ್ತಿಕೊಳ್ಳಿ ತಾಯಿ, ಮುಂದಿನ ಕಥೆ ಗಾಡಿಯಲ್ಲಿ," ಎನ್ನುತ್ತಿದ್ದರಂತೆ.

ಬಿ.ಎ. ಮುಗಿದ ಮೇಲೆ ಅವರು ಮಾನಸಗಂಗೋತ್ರಿಯಲ್ಲಿ ಎಂ.ಎ. ಸೇರಿದರು. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪ ಪಡೆದು 1960ರಲ್ಲಿ ಆರಂಭವಾದ ಆವರಣ ಅದು. ಮೊದಲ ಬಾರಿಗೆ ಹುಡುಗರ ಜೊತೆ ತರಗತಿ. "ಮಹಾರಾಣಿಯಲ್ಲಿ ಅನುಮಾನ ಬಂದರೆ ಎದ್ದು ನಿಂತು ಕೇಳುತ್ತಿದ್ದೆ. ಗಂಗೋತ್ರಿಯಲ್ಲಿ ಮೊದಲ ಆರು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಒಂದು ದಿನ ಎದ್ದು ಕೇಳಿಬಿಟ್ಟೆ. ಮೇಷ್ಟ್ರು, ಇದು ಒಳ್ಳೆಯ ಪ್ರಶ್ನೆ, ಇಷ್ಟು ದಿನ ಎಲ್ಲಿದ್ದೆಯಮ್ಮ ಅಂದರು." ಅರವತ್ತು ವರ್ಷದ ಹಿಂದಿನ ಮಾತು. ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ. ಹೆಣ್ಣುಮಕ್ಕಳಿಗೇ ಬೇರೆ ಕಾಲೇಜು ಏಕೆ ಬೇಕಿತ್ತು ಎಂದು ಇಲ್ಲಿನ ನಮ್ಮ ಮಕ್ಕಳು ಕೇಳುತ್ತಾರಲ್ಲ, ಅವರಿಗೆ ಈ ಆರು ತಿಂಗಳ ಮೌನದ ಕಥೆ ಹೇಳಿ.

ಪ್ರಯೋಗಶಾಲೆಯ ವಾಸನೆ

ಎರಡನೆಯವರು ವಿಜ್ಞಾನದ ವಿದ್ಯಾರ್ಥಿನಿ. ಮೈಸೂರಿನ ಅಗ್ರಹಾರದ ಮಡಿವಂತರ ಮನೆ. ಅವರ ಕಥೆಯ ಕೇಂದ್ರ ರಸಾಯನಶಾಸ್ತ್ರದ ಪ್ರಯೋಗಶಾಲೆ. ಲವಣಗಳನ್ನು ಪರೀಕ್ಷಿಸಿ ಅದರಲ್ಲಿರುವ ಲೋಹ ಯಾವುದೆಂದು ಕಂಡುಹಿಡಿಯುವ ಪ್ರಯೋಗಕ್ಕೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬೇಕು. ಅದರ ವಾಸನೆ ಕೊಳೆತ ಮೊಟ್ಟೆಯ ವಾಸನೆ. ಪ್ರಾಕ್ಟಿಕಲ್ಸ್ ಇದ್ದ ದಿನ ಸೀರೆ, ಜಡೆ, ಪುಸ್ತಕ ಎಲ್ಲಕ್ಕೂ ಅದೇ ವಾಸನೆ. ಜನ್ಮದಲ್ಲಿ ಮೊಟ್ಟೆ ನೋಡದ ಅಜ್ಜಿ ಬಾಗಿಲಲ್ಲೇ ತಡೆದು, "ಯಾವ ಹೋಟೆಲಿಗೆ ಹೋಗಿದ್ದೆ, ನಿಜ ಹೇಳು," ಎಂದು ಗದರಿದರಂತೆ. ಆಮೇಲೆ ಮನೆಯಲ್ಲಿ ಒಂದು ವ್ಯವಸ್ಥೆಯಾಯಿತು. ಪ್ರಾಕ್ಟಿಕಲ್ಸ್ ದಿನ ಹಿತ್ತಲಿನಿಂದ ಬರಬೇಕು, ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಒಳಗೆ. "ವಾರಕ್ಕೆರಡು ದಿನ ನನಗೆ ರಸಾಯನಶಾಸ್ತ್ರದ ಮೈಲಿಗೆ!"

ತಮಾಷೆಯ ನಡುವೆ ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಬಿಟ್ಟಿಲ್ಲ. "ಆ ಲ್ಯಾಬಿನಲ್ಲಿ ಒಂದು ಜಾಗ ನನ್ನದು ಅಂತ ಇತ್ತು. ನನ್ನ ನಂಬರಿನ ಲಾಕರು, ಅದರ ಬೀಗದ ಕೈ ನನ್ನ ಸೊಂಟದಲ್ಲಿ. ಮನೆಯಲ್ಲಿ ನನ್ನದು ಅಂತ ಒಂದು ಪೆಟ್ಟಿಗೆಯೂ ಇರಲಿಲ್ಲ." ಮುಂದೆ ಅವರು ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದರು. ಮೇಡಂ ಎನ್ನಿ ಎಂದರೆ ಒಪ್ಪುವುದಿಲ್ಲ, ಮೇಷ್ಟ್ರು ಎಂದೇ ಹೇಳಿಕೊಳ್ಳುತ್ತಾರೆ.

ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಕುಸಿದದ್ದು 2022ರ ಅಕ್ಟೋಬರ್ 22ರಂದು. ಬಿದ್ದದ್ದು ರಸಾಯನಶಾಸ್ತ್ರದ ಭಾಗ. ಬಿರುಕು ಕಂಡು ಮುಂಚೆಯೇ ತೆರವು ಮಾಡಿಸಿದ್ದರಿಂದ ಮಕ್ಕಳಿಗೆ ಏನೂ ಆಗಲಿಲ್ಲ. ಮುಂದೆ 2025ರ ಜನವರಿಯಲ್ಲಿ ಹಳೆಯ ಕಟ್ಟಡವನ್ನು ಕೆಡವುವಾಗ ಒಬ್ಬ ಕಾರ್ಮಿಕ ಅದರಡಿ ಸಿಕ್ಕಿ ಪ್ರಾಣ ಕಳೆದುಕೊಂಡ. ಕಾಲೇಜು ನಿಂತಿಲ್ಲ, ಹುಡುಗಿಯರು ಇಂದಿಗೂ ಓದುತ್ತಿದ್ದಾರೆ. ಆದರೆ ಇವರು ಓದಿದ ಗೋಡೆಗಳು ಹೋದವು. ಕುಸಿದ ದಿನ ಇವರು ಮೈಸೂರಿನಲ್ಲೇ ಇದ್ದರು. ವಾಟ್ಸಾಪಿನಲ್ಲಿ ಹತ್ತು ಜನ ವಿಡಿಯೋ ಕಳಿಸಿದರು. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. "ನೋಡೋಕೆ ಹೋಗಲಿಲ್ಲ ಕಣಮ್ಮ," ಎಂದಷ್ಟೇ ಹೇಳಿ ಬೇರೆ ಮಾತೆತ್ತಿದರು.

ಓದಿದವಳು, ಮುಗಿಸಿದವಳು

ಮೂರನೆಯವರು ಗುಂಡ್ಲುಪೇಟೆ ಕಡೆಯ ರೈತರ ಮನೆಯವರು. ಅವರ ವಂಶದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣುಮಗಳು. ಮೈಸೂರಿನಲ್ಲಿ ಹಾಸ್ಟೆಲ್ ವಾಸ. ಬಿ.ಎಸ್ಸಿ. ಸೇರಿದ್ದು 1972ರಲ್ಲಿ. "ನಾನು ಕಾಲೇಜು ಸೇರಿದ್ದು ಮೈಸೂರು ರಾಜ್ಯದಲ್ಲಿ, ಎರಡನೇ ವರ್ಷ ಓದಿದ್ದು ಕರ್ನಾಟಕದಲ್ಲಿ," ಎಂದರು. ಹೌದಲ್ಲ, ನಾಡಿಗೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು! ನಾವು ವರ್ಷವರ್ಷವೂ ಪುಚೊಂಗ್‌ನಲ್ಲಿ ಬಾವುಟ ಹಾರಿಸಿ ಆಚರಿಸುವ ಆ ಸಂಗತಿ ಅವರ ಪಾಲಿಗೆ ಎರಡನೇ ವರ್ಷದ ನೆನಪು.

ಧ್ವನಿಮುದ್ರಿಸುವಾಗ ಅವರ ಮಗನೂ ಅಲ್ಲೇ ಕೂತಿದ್ದ. ಸೈಬರ್‌ಜಾಯದಲ್ಲಿ ಕೆಲಸ. ನಾನು ಸಹಜವಾಗಿ, "ಡಿಗ್ರಿ ಮುಗಿದ ಮೇಲೆ ಏನು ಮಾಡಿದಿರಿ ಅಮ್ಮ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮುಗೀಲಿಲ್ಲ," ಎಂದರು.

ಮಗ ತಲೆಯೆತ್ತಿ ನೋಡಿದ. "ಅಮ್ಮ, ನೀನು ಬಿ.ಎಸ್ಸಿ. ಅಲ್ವಾ?"

"ಓದಿದೀನಿ ಮಗ. ಎರಡು ವರ್ಷ ಓದಿದೀನಿ."

ಆ ವರ್ಷ ಅವರ ತಮ್ಮನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಮಳೆ ಕೈಕೊಟ್ಟಿತ್ತು. ಎರಡು ಫೀಸು ಕಟ್ಟುವ ಶಕ್ತಿ ತಂದೆಗಿರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ರಜಕ್ಕೆಂದು ಊರಿಗೆ ಹೋದವರು ಹಾಸ್ಟೆಲ್ಲಿಗೆ ಹಿಂತಿರುಗಲಿಲ್ಲ, ಅಷ್ಟೇ. ಟ್ರಂಕನ್ನು ತಂದೆಯೇ ಹೋಗಿ ತಂದರು. ಮುಂದಿನ ವರ್ಷ ಮದುವೆ. ಗಂಡಿನ ಕಡೆಯವರಿಗೆ "ಹುಡುಗಿ ಬಿ.ಎಸ್ಸಿ. ಓದಿದ್ದಾಳೆ" ಎಂದು ಹೇಳಿದರು. ಅದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ಭಾಷೆಯಲ್ಲಿ ಓದಿದವಳಿಗೂ ಮುಗಿಸಿದವಳಿಗೂ ನಡುವೆ ಇಷ್ಟು ಜಾಗವಿದೆಯೆಂದು ನನಗೆ ಗೊತ್ತಾದದ್ದು ಅಂದು. ಐವತ್ತು ವರ್ಷ ಅವರು ಆ ಜಾಗದಲ್ಲೇ ಬದುಕಿದ್ದರು.

ಇಂಜಿನಿಯರಾದ ತಮ್ಮ ಮುಂದೆ ಈ ಮಗನ ಓದಿಗೆ ಸಹಾಯ ಮಾಡಿದರು. ಆ ಲೆಕ್ಕ ಹಾಕಿದರೆ ಅಮ್ಮ ಬಿಟ್ಟುಕೊಟ್ಟ ಆ ಒಂದು ವರ್ಷದ ಫೀಸು ಸುತ್ತಿ ಬಳಸಿ ಸೈಬರ್‌ಜಾಯಕ್ಕೆ ಬಂದು ನಿಂತಿದೆ. ಮಗ ಅಂದು ಹೆಚ್ಚೇನೂ ಮಾತಾಡಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದ. ಇದನ್ನು ಅಳಿಸಿಬಿಡಲೇ ಎಂದು ನಾನು ಕೇಳಿದಾಗ ಅಮ್ಮ ಬೇಡವೆಂದರು. "ಇರಲಿ. ಮೊಮ್ಮಗಳು ದೊಡ್ಡವಳಾದ ಮೇಲೆ ಕೇಳಲಿ."

ಹಾಲಿನ ಮರದ ಅಜ್ಜಿ

ನಮ್ಮ ಬೆಂಚಿಗೆ ಆಗಾಗ ಒಬ್ಬ ತಮಿಳು ಅಜ್ಜಿ ಬಂದು ಕೂರುತ್ತಾರೆ. ಹುಟ್ಟಿದ್ದು, ಬೆಳೆದದ್ದು ಇಲ್ಲಿಯ ರಬ್ಬರ್ ತೋಟದಲ್ಲಿ. ಮೈಸೂರಿನವರಿಗೆ ತಮಿಳು ಅರ್ಥವಾಗುತ್ತದೆ, ಹಾಗಾಗಿ ಮಾತಿಗೆ ಅಡ್ಡಿಯಿಲ್ಲ. ರಬ್ಬರ್ ಮರಕ್ಕೆ ಅವರು ಹೇಳುವುದು ಹಾಲಿನ ಮರ ಎಂದು. ಬೆಳಗಿನ ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಕತ್ತಲಿರುವಾಗಲೇ ತೋಟಕ್ಕೆ ಹೋಗಬೇಕು, ತೊಗಟೆಯನ್ನು ಓರೆಯಾಗಿ ಕೆತ್ತಿ ಬಟ್ಟಲು ಕಟ್ಟಬೇಕು. ತಾಯಿಯ ಜೊತೆ ಚಿಕ್ಕಂದಿನಿಂದಲೇ ಹೋಗುತ್ತಿದ್ದರಂತೆ. ಓದಿದ್ದು ತೋಟದ ತಮಿಳು ಶಾಲೆಯಲ್ಲಿ ಆರು ವರ್ಷ. ಪುಚೊಂಗ್‌ನಲ್ಲಿ ಇಂದಿಗೂ ಕ್ಯಾಸಲ್‌ಫೀಲ್ಡ್ ತೋಟದ ಹೆಸರು ಹೊತ್ತ ತಮಿಳು ಶಾಲೆಯಿದೆ. ಅದರ ಸುತ್ತ ಈಗ ತೋಟವನ್ನು ಹುಡುಕಿದರೆ ಕಾಣುವುದು ಮನೆಗಳ ಸಾಲು.

ಇವರ ಕಾಲೇಜಿನ ಕಥೆಗಳನ್ನೆಲ್ಲ ಕೇಳಿದ ಅಜ್ಜಿ ಒಂದು ದಿನ ತಮ್ಮ ಕೋಲನ್ನೆತ್ತಿ ಒಂದೊಂದೇ ತೋರಿಸಿದರು. ಆ ಪೆಟ್ರೋಲ್ ಬಂಕ್ ಇರುವ ಕಡೆ ಕೂಲಿಗಳ ಸಾಲುಮನೆ. ಆ ಅಪಾರ್ಟ್‌ಮೆಂಟ್ ಇರುವಲ್ಲಿ ಹಾಲು ತೂಗುವ ಜಾಗ. ಆ ತಿರುವಿನಲ್ಲಿ ಮಾರಿಯಮ್ಮನ ಗುಡಿ. ನಾನು ದಿನವೂ ಕಾರಿನಲ್ಲಿ ಓಡಾಡುವ ರಸ್ತೆ ಅದು. ಮಹಾರಾಣಿಯ ಮೂವರೂ ಕೋಲು ತೋರಿದ ಕಡೆಗೆಲ್ಲ ಕತ್ತು ತಿರುಗಿಸಿ ನೋಡಿದರು. ಮೈಸೂರಿನಲ್ಲಿ ತಮ್ಮ ಮೊಮ್ಮಕ್ಕಳಿಗೆ ತಾವೂ ಇನ್ನು ಹೀಗೆಯೇ, ಇಲ್ಲಿ ಮೆಟ್ಟಿಲಿತ್ತು, ಇಲ್ಲಿ ಲ್ಯಾಬಿತ್ತು ಎಂದು ಬೆರಳು ತೋರಿಸಬೇಕೆಂದು ಅವರಿಗೆ ಅನಿಸಿರಬೇಕು. ತವರ ತೆಗೆದ ಊರಿನಲ್ಲಿ ಕೂತು ನಾಲ್ವರು ತಂತಮ್ಮ ತವರಿನ ನಕ್ಷೆ ಬರೆಯುತ್ತಿದ್ದರು ಎನ್ನಿ.

ನೀವೂ ಕೇಳಿ

ನೆನಪು ಎಂದರೆ ಕಲ್ಲಿನ ಶಾಸನವಲ್ಲ. ಕಾಲೇಜಿನ ಗೇಟಿನ ಬಳಿಯ ಮರ ಬೇವೋ ಹೊಂಗೆಯೋ ಎಂಬುದರ ಮೇಲೆ ನಮ್ಮ ಬೆಂಚಿನಲ್ಲಿ ಎರಡು ಬೆಳಗು ವಾದ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ. ನಾನು ಎರಡನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ. ಮರದ ಹೆಸರು ಬೇರೆಯಾದರೂ ಅದರ ನೆರಳಿನಲ್ಲಿ ನಿಂತು ಯಾರಿಗೆ ಕಾಯುತ್ತಿದ್ದರು, ಕಾಯುವಾಗ ಏನು ಮಾತಾಡುತ್ತಿದ್ದರು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಗೂ ಅಮ್ಮ, ಅತ್ತೆ, ದೊಡ್ಡಮ್ಮ ಬರುತ್ತಾರೆ. ಮಹಾರಾಣಿಯೇ ಆಗಬೇಕಿಲ್ಲ. ಧಾರವಾಡವಿರಲಿ, ಮಂಗಳೂರಿರಲಿ, ಕಾಸರಗೋಡಿರಲಿ, ಏಳನೇ ತರಗತಿಗೆ ನಿಂತುಹೋದ ಹಳ್ಳಿಯ ಶಾಲೆಯಾದರೂ ಇರಲಿ, ಕೇಳಿ. "ಕಾಲೇಜು ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ಡಬ್ಬಿಯಲ್ಲಿ ಏನಿರುತ್ತಿತ್ತು, ಫೀಸು ಯಾರು ಕಟ್ಟಿದರು, ಪಕ್ಕದಲ್ಲಿ ಕೂರುತ್ತಿದ್ದವಳು ಈಗ ಎಲ್ಲಿದ್ದಾಳೆ ಎಂದು ಕೇಳಿ. ಹಳೆಯ ಫೋಟೋ ಒಂದಿದ್ದರೆ ಕೈಗೆ ಕೊಡಿ. ನಡುವೆ ಬಾಯಿ ಹಾಕಬೇಡಿ. ಸುಮ್ಮನಾದರೆ ನೀವೂ ಸುಮ್ಮನಿರಿ, ಮುಖ್ಯವಾದ ಮಾತು ಅದರ ಹಿಂದೆಯೇ ಬರುತ್ತದೆ. "ಇದನ್ನು ಬರೆಯಬೇಡ" ಎಂದರೆ ಫೋನನ್ನು ಆರಿಸಿ ಪಕ್ಕಕ್ಕಿಡಿ. ನನಗೂ ಅಂಥ ಮಾತುಗಳನ್ನು ಹೇಳಿದ್ದಾರೆ, ಅವು ನನ್ನಲ್ಲೇ ಇರುತ್ತವೆ. ಮುದ್ರಿಸಿದ್ದಕ್ಕೆ ತಾರೀಖು, ಊರು, ಓದಿದ ವರ್ಷ ಬರೆದಿಟ್ಟು, ಒಂದು ಪ್ರತಿಯನ್ನು ಊರಿನಲ್ಲಿರುವ ಅಣ್ಣತಮ್ಮಂದಿರಿಗೂ ಕಳಿಸಿ.

ನಂಜನಗೂಡಿನ ಅಮ್ಮ ಕಳೆದ ವಾರ ಊರಿಗೆ ಹೊರಟರು. ಹೋಗುವ ಮುಂಚೆ, ತಮ್ಮ ಜೊತೆ ರೈಲಿನಲ್ಲಿ ಬರುತ್ತಿದ್ದ ಇಬ್ಬರಲ್ಲಿ ಒಬ್ಬರು ಈಗ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಹೇಳಿ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. "ಅವಳಿಗೆ ಬೆಳಿಗ್ಗೆ ಹೊತ್ತು ಮಾಡು, ಮಧ್ಯಾಹ್ನ ಮಲಗಿರ್ತಾಳೆ. ಸ್ವಲ್ಪ ಜೋರಾಗಿ ಮಾತಾಡು." ಇಲ್ಲಿಯ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಮುಂದೆ. ನಾಳೆ ಇಲ್ಲಿಯ ಹನ್ನೆರಡೂವರೆಗೆ ಮಾಡಬೇಕೆಂದಿದ್ದೇನೆ.